ಗೋಡೆಯ ಮೇಲಿನ ಲೈಸೆನ್ಸ್ ಯಾರದ್ದು? ಕಣ್ಣು ಪರೀಕ್ಷಿಸುವವರ ನೋಂದಣಿ ಯಾವಾಗ ಸಿಗುವುದಿಲ್ಲ, ಯಾವಾಗ ಹೋಗುತ್ತದೆ

ಹೋದ ತಿಂಗಳು ಸೋದರಮಾವನಿಗೆ ಚಾಳೀಸು ಬದಲಾಯಿಸಬೇಕಿತ್ತು. ಮಾವ ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಗಲ್ಲಾ ನೋಡಿಕೊಂಡವರು. ನೋಟಿನ ಮೇಲಿನ ಗಾಂಧೀಜಿ ಒಂಚೂರು ಮಸುಕಾದರೂ ಅವರಿಗೆ ಸಮಾಧಾನ ಇರುವುದಿಲ್ಲ. ಮಾಟುಂಗಾದ ಒಂದು ಚಶ್ಮಾ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಅವರ ಗದ್ದವನ್ನು ಯಂತ್ರಕ್ಕೆ ತಾಗಿಸಿ, ಒಳಗೆ ಕಾಣುವ ಬಲೂನನ್ನೇ ನೋಡುತ್ತಿರಿ ಅಂದ. ಉದ್ದ ರಸ್ತೆಯ ತುದಿಯಲ್ಲಿ ಒಂದು ಬಣ್ಣದ ಬಲೂನು. ನೀವೂ ನೋಡಿರುತ್ತೀರಿ. ಯಂತ್ರ ಒಂದು ಚೀಟಿ ಉಗುಳಿತು. ಎರಡು ಸಲ ಲೆನ್ಸ್ ಬದಲಿಸಿ, ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ ಎಂದು ಕೇಳಿದ. ಐದು ನಿಮಿಷ. ನಂಬರ್ ಬರೆದು, ಚೀಟಿಯನ್ನು ಡ್ರಾಯರಿಗೆ ತಳ್ಳಿ, ಫ್ರೇಮ್ ತೋರಿಸಲು ಶುರು ಮಾಡಿದ.

ಆ ನಂಬರಿನ ಚೀಟಿ ಕೊಡಿ ಅಂದೆ. ಚಶ್ಮಾ ಇಲ್ಲೇ ಮಾಡಿಸ್ತೀರಲ್ಲ, ಚೀಟಿ ಯಾಕೆ ಅಂದ.

ಮಾವನಿಗೆ ಸಿಟ್ಟು ಬಂತು. ಇವನ ಲೈಸೆನ್ಸ್ ಕ್ಯಾನ್ಸಲ್ ಮಾಡಿಸಬೇಕು ಎಂದು ಕುಂದಾಪುರದ ಕನ್ನಡದಲ್ಲಿ ಗದರಿದರು. ಹುಡುಗನಿಗೆ ಅರ್ಥವಾದದ್ದು ಲೈಸೆನ್ಸ್ ಅನ್ನುವ ಒಂದೇ ಶಬ್ದ. ನಗುತ್ತಾ ಗೋಡೆಯ ಕಡೆ ಕೈ ತೋರಿಸಿದ. ಗಣಪತಿ ಫೋಟೋದ ಪಕ್ಕದಲ್ಲಿ, ಗಾಜು ಹಾಕಿಸಿದ ಕಟ್ಟಿನಲ್ಲಿ, ಒಂದು ಸರ್ಕಾರಿ ಕಾಗದ.

ಎದ್ದು ಹೋಗಿ ಓದಿದೆ. ಅದು ಗುಮಾಸ್ತಾ.

ಮುಂಬೈಯಲ್ಲಿ ಅಂಗಡಿ ಇಟ್ಟವರಿಗೆಲ್ಲ ಗುಮಾಸ್ತಾ ಗೊತ್ತು. ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ಸಿಗುವ ನೋಂದಣಿ ಪತ್ರ ಅದು. ಎಷ್ಟು ಜನ ಕೆಲಸಕ್ಕಿದ್ದಾರೆ, ವಾರದ ರಜೆ ಕೊಡುತ್ತೀರಾ ಎಂಬ ಲೆಕ್ಕಕ್ಕೆ ಇರುವಂಥದ್ದು. ಮಹಾರಾಷ್ಟ್ರದ 2017ರ ಕಾಯ್ದೆ ಬಂದ ಮೇಲೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೆ ಅಷ್ಟೂ ಬೇಕಿಲ್ಲ, ಆನ್‌ಲೈನಿನಲ್ಲಿ ತಿಳಿಸಿದರೆ ಒಂದು ರಸೀದಿ ಬರುತ್ತದೆ. ವಡಾಪಾವ್ ಅಂಗಡಿಗೂ ಅದೇ, ಸೀರೆ ಅಂಗಡಿಗೂ ಅದೇ, ಚಶ್ಮಾ ಅಂಗಡಿಗೂ ಅದೇ. ಮಾವನ ಕಣ್ಣಿಗೂ ಆ ಕಾಗದಕ್ಕೂ ಯಾವ ಸಂಬಂಧವೂ ಇಲ್ಲ. ಅದನ್ನು ರದ್ದು ಮಾಡಿಸಿದರೆ ಅಂಗಡಿ ಮುಚ್ಚಬಹುದು. ಆದರೆ ಕಣ್ಣು ನೋಡಿದ ಕೈ ನಾಳೆ ಪಕ್ಕದ ಬೀದಿಯಲ್ಲಿ ಮತ್ತೆ ಲೆನ್ಸ್ ಹಿಡಿಯಬಹುದು.

ಹಾಗಾದರೆ ಮಾವ ಕೇಳಿದ ಲೈಸೆನ್ಸ್ ಎಲ್ಲಿರುತ್ತದೆ? ಯಾರಿಗೆ ಅದು ಸಿಗುವುದಿಲ್ಲ? ಸಿಕ್ಕಿದ್ದು ಯಾವಾಗ ಹೋಗುತ್ತದೆ? ಮನೆಗೆ ಬಂದು ಪುಣೆಯಲ್ಲಿ ಆಪ್ಟೊಮೆಟ್ರಿ ಓದುತ್ತಿರುವ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಆಮೇಲೆ ಕಾನೂನುಗಳನ್ನೂ ತಿರುವಿ ಹಾಕಿದೆ. ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರು ಯಾರೆಂದು ತಿಳಿಯಬೇಕು. ನಾವು ಎಲ್ಲರನ್ನೂ 'ಕಣ್ಣಿನ ಡಾಕ್ಟ್ರು' ಅಂದುಬಿಡುತ್ತೇವೆ. ಎಂಬಿಬಿಎಸ್ ಮುಗಿಸಿ ಕಣ್ಣಿನ ಮೇಲೆ ಇನ್ನೂ ಓದಿ, ಪೊರೆಯ ಆಪರೇಷನ್ ಮಾಡುವವರು ನೇತ್ರತಜ್ಞರು. ಬಿ.ಆಪ್ಟೊಮ್ ಪದವಿ ಮಾಡಿ, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್ ಮುಗಿಸಿ, ನಂಬರ್ ತೆಗೆಯುವವರು, ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವವರು, ಕಾಯಿಲೆಯ ಸುಳಿವು ಕಂಡರೆ ಡಾಕ್ಟರ ಹತ್ತಿರ ಕಳಿಸುವವರು ಆಪ್ಟೊಮೆಟ್ರಿಸ್ಟ್. ಬರೆದುಕೊಟ್ಟ ನಂಬರಿಗೆ ತಕ್ಕ ಗಾಜು ಕಟ್ಟಿಕೊಡುವವರು ಆಪ್ಟಿಶಿಯನ್. ನಮ್ಮ ಬೀದಿಯ ಅಂಗಡಿಗಳಲ್ಲಿ ಇವರಲ್ಲಿ ಯಾರಿರುತ್ತಾರೆ ಅನ್ನುವುದು ಅದೃಷ್ಟದ ಮಾತು. ಯಂತ್ರ ಎಲ್ಲ ಕಡೆ ಇರುತ್ತದೆ. ಆದರೆ ಯಂತ್ರ ಕೊಡುವುದು ಅಂದಾಜು ಮಾತ್ರ. ಅದರಿಂದ ಮುಂದಕ್ಕೆ ಹೋಗಲು ಓದಿದ ಕಣ್ಣು ಬೇಕು.

ಅಚ್ಚರಿಯ ವಿಷಯ ಏನೆಂದರೆ, ಇಡೀ ದೇಶಕ್ಕೆ ಅನ್ವಯಿಸುವಂತೆ ಆಪ್ಟೊಮೆಟ್ರಿಸ್ಟರಿಗೆ ಕಾನೂನಿನ ನೋಂದಣಿ ಬಂದದ್ದು ತೀರಾ ಈಚೆಗೆ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇತ್ತು. ಔಷಧಿ ಅಂಗಡಿಯವರಿಗೆ 1948ರಿಂದಲೇ ಫಾರ್ಮಸಿ ಕಾಯ್ದೆ ಇತ್ತು. ಮಹಾರಾಷ್ಟ್ರದಲ್ಲಿ ಫಿಸಿಯೋಥೆರಪಿಯವರಿಗೂ 2002ರಲ್ಲಿ ರಾಜ್ಯ ಮಂಡಳಿಯ ಕಾನೂನು ಬಂತು. ಕಣ್ಣಿನ ನಂಬರ್ ತೆಗೆಯುವವರಿಗೆ ಮಾತ್ರ ದೇಶದ ಮಟ್ಟದ ಕಾನೂನು 2021ರ ತನಕ ಕಾಯಬೇಕಾಯ್ತು. ಆ ವರ್ಷ ಸಂಸತ್ತು ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಹೆಸರು ಉದ್ದ (ಅಲೈಡ್ ಅಂದರೆ ಚಿಕಿತ್ಸೆಗೆ ನೆರವಾಗುವ ಕೆಲಸದವರು), ನಾವು ಸುಮ್ನೆ 2021ರ ಕಾಯ್ದೆ ಅನ್ನೋಣ. ಲ್ಯಾಬ್ ಟೆಕ್ನಿಷಿಯನ್ನರಿಂದ ಹಿಡಿದು ಫಿಸಿಯೋಥೆರಪಿಯವರ ತನಕ ಐವತ್ತಕ್ಕೂ ಹೆಚ್ಚು ಬಗೆಯ ಕೆಲಸಗಾರರು ಇದರೊಳಗೆ ಬರುತ್ತಾರೆ. ಅದರಲ್ಲಿ ಕಣ್ಣಿನದೇ ಒಂದು ಗುಂಪು. ಆಪ್ಟೊಮೆಟ್ರಿಸ್ಟ್ ಅಲ್ಲಿದ್ದಾರೆ.

ಈ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ಮಂಡಳಿ, ಆ ಮಂಡಳಿಯ ಹತ್ತಿರ ಒಂದು ರಿಜಿಸ್ಟರ್. ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇದ್ದರೆ ನೀವು ಈ ಕೆಲಸ ಮಾಡಬಹುದು. ಮಾವ ಕೇಳಿದ ಲೈಸೆನ್ಸ್ ಅಂದರೆ ಇದೇ, ಆ ಪುಸ್ತಕದಲ್ಲಿರುವ ಒಂದು ಸಾಲು. ಅಂಗಡಿ ಬದಲಾದರೂ ಅದು ಮನುಷ್ಯನ ಹಿಂದೆಯೇ ಹೋಗುತ್ತದೆ. ಕಾಯ್ದೆ ಪುಸ್ತಕಕ್ಕೆ ಬಂದರೂ ರಾಜ್ಯಗಳು ಮಂಡಳಿ ಮಾಡಲು ಮೈಗಳ್ಳತನ ತೋರಿಸಿದವು. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳ ಗಡುವು ಕೊಡಬೇಕಾಯ್ತು.

ಅಮೆರಿಕದ ಮಿನ್ನೆಸೋಟ ರಾಜ್ಯ ಆಪ್ಟೊಮೆಟ್ರಿಸ್ಟರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು 1901ರಲ್ಲಿ. ನಮಗಿಂತ ನೂರಿಪ್ಪತ್ತು ವರ್ಷ ಮುಂಚೆ. ಬ್ರಿಟನ್ನಿನಲ್ಲಿ ಇವರ ನೋಂದಣಿ ನೋಡಿಕೊಳ್ಳುವ ಮಂಡಳಿ, ಜನರಲ್ ಆಪ್ಟಿಕಲ್ ಕೌನ್ಸಿಲ್, 1958ರದ್ದು. ತಪ್ಪು ಮಾಡಿದವರನ್ನು ಹೇಗೆ ವಿಚಾರಿಸಬೇಕು ಎಂಬ ಅನುಭವ ಅವರಲ್ಲಿ ಜಾಸ್ತಿ. ಹಾಗಾಗಿ ಈ ಲೇಖನದಲ್ಲಿ ಆಗಾಗ ಆ ಕಡೆಯೂ ಹೋಗಿ ಬರಬೇಕಾಗುತ್ತದೆ.

ಹೆಸರು ಸೇರಿಸುವಾಗಲೇ ಬೇಡ ಅನ್ನುವುದು ಯಾವಾಗ? ಇದು ಬಹಳ ಮಟ್ಟಿಗೆ ನೇರ. ಓದು ಸಾಲದಿದ್ದರೆ ಇಲ್ಲ. 2021ರ ಕಾಯ್ದೆ ಗಂಟೆಗಳ ಲೆಕ್ಕ ಇಟ್ಟಿದೆ. ಹೆಲ್ತ್‌ಕೇರ್ ವೃತ್ತಿಯವರು ಅನ್ನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಕನಿಷ್ಠ 3600 ಗಂಟೆಯ ಪದವಿ ಓದು ಬೇಕು. ಅಲೈಡ್ ಹೆಲ್ತ್ ವೃತ್ತಿಯವರಿಗೆ ಎರಡರಿಂದ ನಾಲ್ಕು ವರ್ಷದಲ್ಲಿ 2000 ಗಂಟೆ. ರೈಲಿನ ಡಬ್ಬಿಯಲ್ಲಿ ಅಂಟಿಸಿದ ಚೀಟಿ ನೋಡಿ ಮೂರು ತಿಂಗಳಲ್ಲಿ ಕಲಿತದ್ದಕ್ಕೆ ಇಲ್ಲಿ ಜಾಗವಿಲ್ಲ. ಸುಳ್ಳು ಸರ್ಟಿಫಿಕೇಟ್ ಆದರೆ ಕೇಳುವುದೇ ಬೇಡ.

ಗೊಂದಲ ಇರುವುದು ಹಳೆಯ ಕೇಸುಗಳ ವಿಷಯದಲ್ಲಿ. ಕಾಲೇಜಿನ ದಿನಗಳಲ್ಲಿ ಒಂದು ಹೊಡೆದಾಟದ ಕೇಸ್ ಬಿದ್ದಿದೆ ಅನ್ನಿ. ಜೀವನಪೂರ್ತಿ ಕಣ್ಣು ಪರೀಕ್ಷಿಸಬಾರದಾ? ಹೊರಗಿನ ದೇಶಗಳ ಮಂಡಳಿಗಳು ಇಲ್ಲಿ ಕೇಳುವ ಪ್ರಶ್ನೆ ಒಂದೇ. ಆ ತಪ್ಪಿಗೂ ಈ ಕೆಲಸಕ್ಕೂ ಸಂಬಂಧ ಇದೆಯಾ? ಕುಡಿದು ಬೈಕ್ ಓಡಿಸಿ ಒಂದು ಸಲ ದಂಡ ಕಟ್ಟಿದ್ದು ಬೇರೆ. ರೋಗಿಗಳ ಹೆಸರಿನಲ್ಲಿ ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಬಿಲ್ ಕಳಿಸಿ ಶಿಕ್ಷೆಯಾದದ್ದು ಬೇರೆ. ಹೆಣ್ಣುಮಕ್ಕಳ ಮೇಲೆ ಅಥವಾ ಮಕ್ಕಳ ಮೇಲೆ ಕೈ ಹಾಕಿದ ಅಪರಾಧವಂತೂ ಪೂರಾ ಬೇರೆ, ಯಾಕೆಂದರೆ ಇದು ಬಾಗಿಲು ಹಾಕಿದ ಕತ್ತಲೆ ಕೋಣೆಯಲ್ಲಿ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಕೂತು ಮಾಡುವ ಕೆಲಸ.

ಇನ್ನೊಂದು ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡು ಇಲ್ಲಿ ಬಂದು ಅರ್ಜಿ ಹಾಕುವವರೂ ಇರುತ್ತಾರೆ. ಅಮೆರಿಕದ ರಾಜ್ಯಗಳ ಕಾನೂನುಗಳಲ್ಲಿ ಅದೂ ನಿರಾಕರಣೆಗೆ ಒಂದು ಕಾರಣ. ಬ್ರಿಟನ್ನಿನಲ್ಲೂ ಬೇರೆ ಮಂಡಳಿಯ ತೀರ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದೆಲ್ಲದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮುಚ್ಚಿಡುವುದು. ಹಳೆಯ ಕೇಸನ್ನು ಹೇಳಿಕೊಂಡರೆ ಮಂಡಳಿ ತೂಗಿ ನೋಡಿ ಹೋಗಲಿ ಅನ್ನಬಹುದು. ಅರ್ಜಿಯಲ್ಲಿ 'ಇಲ್ಲ' ಎಂದು ಗೀಟು ಹಾಕಿ ಆಮೇಲೆ ಸಿಕ್ಕಿಬಿದ್ದರೆ ಸುಳ್ಳು ಹೇಳಿದ್ದೇ ಹೊಸ ತಪ್ಪಾಗುತ್ತದೆ. ನಮ್ಮ 2021ರ ಕಾಯ್ದೆಯಲ್ಲೂ ಹಾಗೇ ಇದೆ. ತಪ್ಪು ಮಾಹಿತಿ ಕೊಟ್ಟೋ, ಮುಖ್ಯ ವಿಷಯ ಮುಚ್ಚಿಟ್ಟೋ ಹೆಸರು ಸೇರಿಸಿಕೊಂಡಿದ್ದರೆ, ಅಷ್ಟಕ್ಕೇ ರಿಜಿಸ್ಟರಿನಿಂದ ಹೆಸರು ತೆಗೆಯಬಹುದು. ಕೆಲಸ ಎಷ್ಟೇ ಚೆನ್ನಾಗಿ ಮಾಡಿರಲಿ, ಅದು ಲೆಕ್ಕಕ್ಕೆ ಬರುವುದಿಲ್ಲ.

ಸರಿ, ಹೆಸರು ಸೇರಿತು. ಇನ್ನು ಅದು ಹೋಗುವುದು ಹೇಗೆ? ಕಾಯ್ದೆ ಇಲ್ಲಿ ಹೆಚ್ಚು ಮಾತಾಡುವುದಿಲ್ಲ. ಅಪರಾಧಕ್ಕೆ ಶಿಕ್ಷೆಯಾಗಿರಬೇಕು, ಇಲ್ಲವೇ ವೃತ್ತಿಯಲ್ಲಿ ನಾಚಿಕೆಗೇಡಿನ ನಡತೆ ತೋರಿರಬೇಕು, ಇಲ್ಲವೇ ನಡತೆಯ ನಿಯಮ ಮುರಿದಿರಬೇಕು. ಇದರಿಂದ ಇವರು ರಿಜಿಸ್ಟರಿನಲ್ಲಿರಲು ಯೋಗ್ಯರಲ್ಲ ಎಂಬ ತೀರ್ಮಾನಕ್ಕೆ ಬಂದರೆ ಹೆಸರು ತೆಗೆಯಬಹುದು. ನಡುವಿನ ಆ 'ನಾಚಿಕೆಗೇಡು' ಅನ್ನುವ ಮಾತಿಗೆ ಒಂದು ಮಜಾ ಚರಿತ್ರೆ ಇದೆ.

ಅದು ಇಂಗ್ಲಿಷರ 1858ರ ವೈದ್ಯಕೀಯ ಕಾಯ್ದೆಯಿಂದ ಬಂದದ್ದು. ಅಲ್ಲಿಂದ ನಮ್ಮ ಫಾರ್ಮಸಿ ಕಾಯ್ದೆಗೆ ಬಂತು, ಹಾಗೇ ಮುಂದಕ್ಕೆ ಹರಿಯಿತು. ನಾಚಿಕೆಗೇಡು ಅಂದರೆ ಏನು ಎಂಬ ಪ್ರಶ್ನೆ 1894ರಲ್ಲಿ ಲಂಡನ್ನಿನ ಕೋರ್ಟಿಗೆ ಹೋಯಿತು. ಹೋದವರು ಥಾಮಸ್ ಆಲಿನ್ಸನ್ ಎಂಬ ಡಾಕ್ಟರು. ಮೈದಾ ಬಿಡಿ, ತೌಡಿರುವ ಇಡೀ ಗೋಧಿಯ ಬ್ರೆಡ್ ತಿನ್ನಿ, ಮಾತ್ರೆ ಕಡಿಮೆ ಮಾಡಿ ಎಂದು ಹೇಳುತ್ತಾ ಬಂದವರು. ಬೇರೆ ಡಾಕ್ಟರನ್ನು ಬಯ್ದು ತಮ್ಮ ಜಾಹೀರಾತು ಹಾಕಿಕೊಂಡರು ಎಂದು 1892ರಲ್ಲಿ ಅಲ್ಲಿನ ಡಾಕ್ಟರ ಮಂಡಳಿ ಅವರ ಹೆಸರು ಹೊಡೆದುಹಾಕಿತ್ತು. ಕೋರ್ಟು ಮಂಡಳಿಯ ಪರ ನಿಂತಿತು. ಅದೇ ವೃತ್ತಿಯ ಒಳ್ಳೆಯ ಹೆಸರಿರುವ, ಕೆಲಸ ಬಲ್ಲ ಜನ ಯಾವುದನ್ನು ನೋಡಿ ಇದು ಗೌರವಗೇಡು ಅನ್ನುತ್ತಾರೋ ಅದೇ ಅಳತೆ ಎಂದಿತು. ಅಳತೆಗೋಲು ಇವತ್ತಿಗೂ ಉಳಿದಿದೆ. ತಮಾಷೆ ಅಂದರೆ ಆಲಿನ್ಸನ್ ಹೆಸರಿನ ಬ್ರೆಡ್ಡೂ ಇಂಗ್ಲೆಂಡಿನ ಅಂಗಡಿಗಳಲ್ಲಿ ಉಳಿದಿದೆ. ಮುಸುರೆ ತೊಳೆದ ಮೇಲೂ ಹೋಗದ ಪಾತ್ರೆಯ ಕಲೆಯ ಹಾಗೆ ಕೆಲವು ಹೆಸರುಗಳು.

ಅವತ್ತು ಜಾಹೀರಾತು ದೊಡ್ಡ ಪಾಪ. ಇವತ್ತು ಕಣ್ಣಿನ ಮೇಲೆ ಜಾಹೀರಾತು ಇಲ್ಲದ ಲೋಕಲ್ ರೈಲಿನ ಡಬ್ಬಿ ಹುಡುಕಬೇಕು. ಈಗ ಮಂಡಳಿಗಳು ಹಿಡಿಯುವುದು ಸುಳ್ಳು ಜಾಹೀರಾತನ್ನು. ಈ ಡ್ರಾಪ್ಸ್ ಹಾಕಿದರೆ ಚಶ್ಮಾ ಬಿಡಬಹುದು, ಕಣ್ಣಿನ ಕಸರತ್ತು ಮಾಡಿದರೆ ಪೊರೆ ಕರಗುತ್ತದೆ ಎಂಬ ಜಾತಿಯ ಮಾತುಗಳು.

ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಮೊದಲು ಹಿಡಿಯಬೇಕಾದ ತಪ್ಪು ಬೇರೆ. ಅದು ಬೇಲಿ ದಾಟುವುದು. ನನ್ನ ಮೈದುನನ ಮಗನಿಗೆ ಬೇಸಿಗೆ ಬಂದರೆ ಕಣ್ಣು ತುರಿಕೆ. ಉಜ್ಜಿ ಉಜ್ಜಿ ಕೆಂಪಾಗುತ್ತಿತ್ತು. ಚಶ್ಮಾ ಅಂಗಡಿಯೊಂದರಲ್ಲಿ ಒಂದು ಡ್ರಾಪ್ಸ್ ಹೆಸರು ಬರೆದುಕೊಟ್ಟರು. ಎರಡು ದಿನದಲ್ಲಿ ಮಾಯ! ಮನೆಯವರಿಗೆಲ್ಲ ಖುಷಿ. ಮುಂದಿನ ಬೇಸಿಗೆಗೂ ಅದನ್ನೇ ತಂದರು, ಆಮೇಲೆ ತಿಂಗಳುಗಟ್ಟಲೆ ಹಾಕಿದರು. ಅದು ಸ್ಟೀರಾಯ್ಡ್ ಡ್ರಾಪ್ಸ್. ಸ್ಟೀರಾಯ್ಡ್ ಉರಿಯೂತವನ್ನು ತಕ್ಷಣ ಇಳಿಸುತ್ತದೆ, ಅದಕ್ಕೇ ಮಂತ್ರ ಹಾಕಿದಂತೆ ಕಾಣುತ್ತದೆ. ಆದರೆ ಬಹಳ ದಿನ ಹಾಕಿದರೆ ಕೆಲವರಿಗೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ಕೆಂಪಿಲ್ಲ. ಒಳಗಿನ ನರ ಮಾತ್ರ ಸದ್ದಿಲ್ಲದೆ ಸೊರಗುತ್ತದೆ. ಅದೇ ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಪೊರೆಯೂ ಬೇಗ ಬರಬಹುದು. ಪುಣ್ಯಕ್ಕೆ ಶಾಲೆಯಲ್ಲಿ ನಡೆದ ತಪಾಸಣೆಯಲ್ಲಿ ಒತ್ತಡ ಜಾಸ್ತಿ ಇದೆ ಎಂದು ಸಿಕ್ಕಿತು, ಹುಡುಗ ಬಚಾವಾದ.

ನಮ್ಮ ದೇಶದಲ್ಲಿ ಇಂಥ ಡ್ರಾಪ್ಸನ್ನು ನೋಂದಾಯಿತ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕು. ಆಪ್ಟೊಮೆಟ್ರಿಸ್ಟ್ ಎಷ್ಟೇ ಜಾಣರಿರಲಿ, ಅದು ಅವರ ಹೊಲವಲ್ಲ. ಇಲ್ಲೊಂದು ವಿಚಿತ್ರ ಇದೆ. ಅಮೆರಿಕದಲ್ಲಿ ರೋಡ್ ಐಲೆಂಡ್ ರಾಜ್ಯ 1971ರಲ್ಲಿ ಆಪ್ಟೊಮೆಟ್ರಿಸ್ಟರಿಗೆ ಪರೀಕ್ಷೆಯ ಡ್ರಾಪ್ಸ್ ಹಾಕಲು ಬಿಟ್ಟಿತು. ವೆಸ್ಟ್ ವರ್ಜೀನಿಯಾ 1976ರಲ್ಲಿ ಕಾಯಿಲೆಗೆ ಔಷಧಿ ಬರೆಯಲೂ ಬಿಟ್ಟಿತು. ಅಂದರೆ ಅಲ್ಲಿ ದಿನದ ಕೆಲಸವಾದದ್ದು ಇಲ್ಲಿ ಲೈಸೆನ್ಸಿಗೆ ಕುತ್ತು ತರಬಹುದು. ಓದಿನ ಜೊತೆ ಬೇಲಿಯೂ ಸರಿಯುತ್ತದೆ. ಸರಿಸುವ ಅಧಿಕಾರ ಕಾನೂನಿಗಿದೆ, ಅಂಗಡಿಯವನಿಗಿಲ್ಲ.

ಬೇಲಿಯೊಳಗೇ ಇದ್ದು ಕೆಲಸ ಕೆಡಿಸುವುದು ಇನ್ನೊಂದು. ಎಲ್ಲ ತಪ್ಪೂ ಶಿಕ್ಷೆಯ ತಪ್ಪಲ್ಲ. ನಂಬರಿನಲ್ಲಿ ಕಾಲು ಪಾಯಿಂಟ್ ಆಚೀಚೆ ಆದರೆ ಚಶ್ಮಾ ಬದಲಿಸಿಕೊಟ್ಟರೆ ಆಯ್ತು. ಪ್ರಶ್ನೆ ಬರುವುದು ನೋಡಬೇಕಾದ್ದನ್ನು ನೋಡದೇ ಬಿಟ್ಟಾಗ. ಇದಕ್ಕೆ ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ಒಂದು ಪ್ರಕರಣವನ್ನು ಆಪ್ಟೊಮೆಟ್ರಿ ಓದುವ ಮಕ್ಕಳಿಗೆಲ್ಲ ಹೇಳುತ್ತಾರಂತೆ. ಅಕ್ಕನ ಮಗಳೂ ಅದನ್ನೇ ಮೊದಲು ಹೇಳಿದ್ದು.

2012ರ ಫೆಬ್ರವರಿಯಲ್ಲಿ ಒಬ್ಬ ಚಿಕ್ಕ ಹುಡುಗನನ್ನು ಸಾಮಾನ್ಯ ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಕಣ್ಣಿನ ಹಿಂಬದಿಯ ಫೋಟೋ ತೆಗೆದರು. ಆ ಫೋಟೋದಲ್ಲಿ ಮೆದುಳಿನಿಂದ ಬರುವ ನರದ ತುದಿ ಊದಿಕೊಂಡಿತ್ತು. ತಲೆಯೊಳಗೆ ನೀರು ತುಂಬಿ ಒತ್ತಡ ಏರಿದೆ ಎಂಬುದರ ಗುರುತು ಅದು. ಆಪ್ಟೊಮೆಟ್ರಿಸ್ಟ್ ಎಲ್ಲ ಸರಿಯಿದೆ ಎಂದು ಕಳಿಸಿದರು. ತಾನು ನೋಡಿದ್ದು ಬೇರೆ ಫೋಟೋ ಎಂಬುದು ಆಮೇಲೆ ಅವರ ವಾದ. ಐದು ತಿಂಗಳಲ್ಲಿ ಹುಡುಗ ತೀರಿಕೊಂಡ. 2016ರಲ್ಲಿ ಕೋರ್ಟು ಅವರನ್ನು ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಅಪರಾಧಿ ಎಂದಿತು. 2017ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಸರಿಯಾಗಿ ನೋಡಿದ್ದರೆ ತಿಳಿಯುತ್ತಿತ್ತು ಎಂಬುದರ ಮೇಲೆ ಕ್ರಿಮಿನಲ್ ಅಪರಾಧ ಕಟ್ಟಲು ಬರುವುದಿಲ್ಲ, ಆ ಹೊತ್ತಿಗೆ ಅವರಿಗೆ ನಿಜವಾಗಿ ಏನು ತಿಳಿದಿತ್ತು ಎಂಬುದರ ಮೇಲೆ ಸಾವಿನ ಅಪಾಯ ಕಾಣುತ್ತಿತ್ತಾ ಎಂದು ಕೇಳಬೇಕು ಎಂಬುದು ಅದರ ತರ್ಕ.

ಇಲ್ಲಿಗೆ ಜೈಲಿನ ಮಾತು ಮುಗಿಯಿತು. ಲೈಸೆನ್ಸಿನ ಮಾತು ಮುಗಿಯಲಿಲ್ಲ. ಜನರಲ್ ಆಪ್ಟಿಕಲ್ ಕೌನ್ಸಿಲ್ ತನ್ನ ವಿಚಾರಣೆ ತಾನು ನಡೆಸಿ ಅವರ ನೋಂದಣಿಯನ್ನು ಅಮಾನತಿನಲ್ಲಿಟ್ಟಿತು. ಯಾಕೆಂದರೆ ಎರಡು ಕಡೆ ಕೇಳುವ ಪ್ರಶ್ನೆಗಳೇ ಬೇರೆ. ಕೋರ್ಟು ಕೇಳುವುದು ಇವರು ಅಪರಾಧಿಯಾ ಎಂದು. ಮಂಡಳಿ ಕೇಳುವುದು ನಾಳೆ ಬೆಳಿಗ್ಗೆ ಇನ್ನೊಂದು ಮಗುವನ್ನು ಇವರ ಮುಂದೆ ಕೂರಿಸಬಹುದಾ ಎಂದು. ನಮ್ಮ ಸುಪ್ರೀಂ ಕೋರ್ಟು ಕೂಡ 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಡಾಕ್ಟರನ್ನು ಕ್ರಿಮಿನಲ್ ಕಟಕಟೆ ಹತ್ತಿಸಲು ಸಾದಾ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಬೇಕು ಎಂದು ಹೇಳಿತು. ಪೊಲೀಸರು ಕೇಸ್ ಮುಚ್ಚಿದರು ಅಂದ ಮಾತ್ರಕ್ಕೆ ಮಂಡಳಿಯ ಬಾಗಿಲೂ ಮುಚ್ಚಿತು ಅಂತಲ್ಲ.

ದುಡ್ಡಿನ ತಪ್ಪುಗಳಿಗೆ ಬರೋಣ. ಮುಂಬೈಯಲ್ಲಿ ಇದಕ್ಕೆ ಒಂದು ಹೆಸರೇ ಇದೆ: ಕಟ್ ಪ್ರಾಕ್ಟೀಸ್. ನಾನು ನಿಮ್ಮನ್ನು ಒಂದು ಆಸ್ಪತ್ರೆಗೆ ಕಳಿಸುತ್ತೇನೆ, ಆಸ್ಪತ್ರೆ ನನಗೆ ಕಟ್ ಕೊಡುತ್ತದೆ. ನಿಮಗೆ ಪೊರೆಯ ಆಪರೇಷನ್ ಈಗಲೇ ಬೇಕಿತ್ತಾ, ಇನ್ನೆರಡು ವರ್ಷ ಕಾಯಬಹುದಿತ್ತಾ ಎಂಬುದು ನಿಮಗೆ ಕೊನೆಗೂ ತಿಳಿಯುವುದಿಲ್ಲ. ಡಾಕ್ಟರಿಗೆ 2002ರ ನಡತೆಯ ನಿಯಮಗಳಲ್ಲೇ ಕಮಿಷನ್ ನಿಷೇಧ ಇದೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಕಟ್ ಪ್ರಾಕ್ಟೀಸ್ ವಿರುದ್ಧವೇ ಒಂದು ಕರಡು ಕಾನೂನು ಬರೆಸಿತ್ತು. ಆಗ ಬಹಳ ಸದ್ದಾಯಿತು, ಆಮೇಲೆ ತಣ್ಣಗಾಯಿತು. ಹೊರದೇಶಗಳ ಆಪ್ಟೊಮೆಟ್ರಿ ಕಾನೂನುಗಳಲ್ಲಿ ಫೀ ಹಂಚಿಕೊಳ್ಳುವುದು ಲೈಸೆನ್ಸ್ ಕಳೆಯುವ ಕಾರಣಗಳ ಸಾಲಿನಲ್ಲಿ ಮಾಮೂಲಾಗಿ ಸಿಗುತ್ತದೆ. ಮಾಡದ ಪರೀಕ್ಷೆಗೆ ಬಿಲ್ ಹಾಕುವುದೂ ಅದೇ ಸಾಲಿನಲ್ಲಿದೆ.

ಮಾವನ ಚೀಟಿಯೂ ಇದೇ ಜಾತಿಗೆ ಸೇರಿದ್ದು ಎಂಬುದು ಓದುತ್ತಾ ಹೋದಾಗ ಗೊತ್ತಾಯಿತು. ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಫೆಡರಲ್ ಟ್ರೇಡ್ ಕಮಿಷನ್, 1978ರಲ್ಲೇ ನಿಯಮ ಮಾಡಿದೆ. ಪರೀಕ್ಷೆ ಮುಗಿದ ಕೂಡಲೇ ನಂಬರಿನ ಚೀಟಿಯನ್ನು ಕೈಗೆ ಕೊಡಬೇಕು. ಕೇಳಲಿ, ಬಿಡಲಿ. ಚೀಟಿಗೆಂದು ಬೇರೆ ದುಡ್ಡು ಕೇಳಬಾರದು. ನಮ್ಮಲ್ಲೇ ಚಶ್ಮಾ ಮಾಡಿಸಿದರೆ ಮಾತ್ರ ಕೊಡುತ್ತೇವೆ ಅನ್ನುವಂತಿಲ್ಲ. 2024ರಲ್ಲಿ ಇನ್ನೂ ಬಿಗಿ ಮಾಡಿ, ಚೀಟಿ ಸಿಕ್ಕಿತು ಎಂದು ಗ್ರಾಹಕನ ಸಹಿ ತೆಗೆದುಕೊಳ್ಳಿ ಎಂದರು. ಚೀಟಿ ಅಡಗಿಸಿಟ್ಟರೆ ಗ್ರಾಹಕ ಬೇರೆ ಅಂಗಡಿಯ ರೇಟು ಕೇಳಲಾರ, ಗಿರಾಕಿ ಕೈಗೆ ಸಿಕ್ಕಂತೆ, ಅಷ್ಟೇ. ಆ ಹುಡುಗನಿಗೆ ಅದು ವ್ಯಾಪಾರದ ಚಾಲಾಕಿ, ಮಾವನಿಗೆ ಅನ್ಯಾಯ. ಮಾವನೇ ಸರಿ ಎಂದು ಒಪ್ಪುವ ಕಾನೂನು ಜಗತ್ತಿನಲ್ಲಿ ಎಲ್ಲೋ ಒಂದು ಕಡೆ ಇದೆ ಎಂದು ತಿಳಿಸಿದಾಗ ಅವರಿಗೆ ಆದ ಸಂತೋಷ ನೋಡಬೇಕಿತ್ತು.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಕುಡಿತ ಅಥವಾ ಮಾದಕ ಚಟ ಕೈ ನಡುಗಿಸುವ ಮಟ್ಟಕ್ಕೆ ಹೋದರೆ. ರೋಗಿಯ ಜೊತೆ ಅಸಭ್ಯ ವರ್ತನೆ, ಇದಕ್ಕೆ ಎಲ್ಲೂ ಮಾಫಿ ಇಲ್ಲ. ರೋಗಿಯ ದಾಖಲೆ ತಿದ್ದುವುದು. ಮಂಡಳಿಯ ನೋಟಿಸಿಗೆ ಉತ್ತರ ಕೊಡದೇ ಕೂರುವುದು. ಬ್ರಿಟನ್ನಿನಲ್ಲಿ ಆರೋಗ್ಯವೂ ಒಂದು ಕಾರಣ. ಅಲ್ಲಿ ತಪ್ಪಿನ ಮಾತಿಲ್ಲ, ಸುರಕ್ಷತೆಯ ಮಾತು.

ಒಂದರ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಹೆಸರು ಬಾಡಿಗೆಗೆ ಕೊಡುವುದು. ಔಷಧಿ ಅಂಗಡಿಗಳಲ್ಲಿ ಇದನ್ನು ನೋಡಿದ್ದೇವೆ. ಸರ್ಟಿಫಿಕೇಟ್ ಗೋಡೆಯಲ್ಲಿ ನೇತಾಡುತ್ತಿರುತ್ತದೆ, ಅದರ ಒಡೆಯ ಇನ್ನೆಲ್ಲೋ ಕೆಲಸದಲ್ಲಿರುತ್ತಾನೆ, ತಿಂಗಳಿಗಿಷ್ಟು ಎಂದು ಬಾಡಿಗೆ. ಕಣ್ಣಿನ ಕೆಲಸದಲ್ಲಿ ನೋಂದಣಿ ಕಟ್ಟುನಿಟ್ಟಾದಂತೆ ಈ ಕಾಯಿಲೆಯೂ ಹಿಂದೆಯೇ ಬರುತ್ತದೆ ಎಂದು ನನ್ನ ಅನುಮಾನ. ನೋಂದಣಿ ಇಲ್ಲದವನಿಗೆ ತನ್ನ ಹೆಸರಿನಲ್ಲಿ ಕೆಲಸ ಮಾಡಲು ಬಿಡುವುದು ಬಹಳ ದೇಶಗಳ ಕಾನೂನಿನಲ್ಲಿ ದೊಡ್ಡ ತಪ್ಪು. ಇಲ್ಲಿ ಕೆಡುವುದು ಇಬ್ಬರು. ಹೆಸರು ಕೊಟ್ಟವರ ಲೈಸೆನ್ಸ್ ಹೋಗುತ್ತದೆ. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಇದೆ ಎಂದು ಹೇಳಿಕೊಂಡವರಿಗೆ, 2021ರಲ್ಲಿ ಕಾಯ್ದೆ ಮಾಡಿದಾಗ ಬರೆದಂತೆ, ಮೊದಲ ಸಲ 50,000 ರೂಪಾಯಿ ತನಕ ದಂಡ. ಮತ್ತೆ ಸಿಕ್ಕಿಬಿದ್ದರೆ ಆರು ತಿಂಗಳ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಇಷ್ಟೆಲ್ಲ ಓದಿದ ಮೇಲೆ ಮಾವನ ಪ್ರಶ್ನೆ: ಹಾಗಾದರೆ ದೂರು ಕೊಟ್ಟ ಮರುದಿನವೇ ಯಾಕೆ ಹೆಸರು ಕಿತ್ತುಹಾಕುವುದಿಲ್ಲ? ಕೇಳಲು ಸುಲಭ. ಆದರೆ ಲೈಸೆನ್ಸ್ ಅಂದರೆ ಒಬ್ಬರ ಅನ್ನ. ಸಂವಿಧಾನದ 19ನೇ ವಿಧಿ ತನಗೆ ಬೇಕಾದ ವೃತ್ತಿ ಮಾಡುವ ಹಕ್ಕು ಕೊಟ್ಟಿದೆ. ಅದೇ ವಿಧಿ, ಇಂಥ ಕೆಲಸಕ್ಕೆ ಇಂಥ ಓದು ಬೇಕು ಎಂದು ಕಟ್ಟುಪಾಡು ಹಾಕುವ ಅಧಿಕಾರವನ್ನು ಸರ್ಕಾರಕ್ಕೂ ಕೊಟ್ಟಿದೆ. ಎರಡರ ನಡುವೆ ಮಂಡಳಿ ನಡೆಯಬೇಕು. ಹಾಗಾಗಿ ಆರೋಪ ಏನೆಂದು ಬರೆದು ತಿಳಿಸಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಮಾತು ಕೇಳಬೇಕು, ಕಾರಣ ಬರೆದು ತೀರ್ಪು ಕೊಡಬೇಕು. ಮೇನಕಾ ಗಾಂಧಿ ಅವರ ಮಾತು ಕೇಳದೇ ಸರ್ಕಾರ ಅವರ ಪಾಸ್‌ಪೋರ್ಟ್ ಕಸಿದಾಗ ಸುಪ್ರೀಂ ಕೋರ್ಟು 1978ರಲ್ಲಿ ಹೇಳಿದ್ದು ಇದನ್ನೇ. ಪಾಸ್‌ಪೋರ್ಟಿಗೇ ಅಷ್ಟಿದ್ದರೆ ಅನ್ನಕ್ಕೆ ಎಷ್ಟಿರಬೇಡ?

ಶಿಕ್ಷೆಯೂ ಒಂದೇ ಗಾತ್ರದ್ದಲ್ಲ. ಬ್ರಿಟನ್ನಿನ ಮಂಡಳಿಯ ಕೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇದೆ. 50,000 ಪೌಂಡಿನ ತನಕ ದಂಡ ಹಾಕಬಹುದು. ಮತ್ತೊಬ್ಬರ ಮೇಲ್ವಿಚಾರಣೆಯಲ್ಲಿ ಮಾತ್ರ ಕೆಲಸ ಮಾಡು, ಇಂಥ ತರಬೇತಿ ಮುಗಿಸು ಎಂದು ಮೂರು ವರ್ಷದ ತನಕ ಷರತ್ತು ಹಾಕಬಹುದು. ಹನ್ನೆರಡು ತಿಂಗಳ ತನಕ ಅಮಾನತು ಮಾಡಬಹುದು. ಯಾವುದಕ್ಕೂ ಬಗ್ಗದಿದ್ದರೆ ಹೆಸರು ಅಳಿಸಬಹುದು. ಇವತ್ತೇ ಅಪಾಯ ಇದೆ ಅನ್ನಿಸಿದರೆ ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕ ತಡೆ ಹಾಕಬಹುದು.

ಮಂಡಳಿ ಮಾಡಲಾರದ್ದು ಒಂದಿದೆ. ನಿಮ್ಮ ದುಡ್ಡು ವಾಪಸ್ ಕೊಡಿಸುವುದು ಅದರ ಕೆಲಸವಲ್ಲ. ಅದಕ್ಕೆ ಗ್ರಾಹಕ ಆಯೋಗ. ದುಡ್ಡು ತೆಗೆದುಕೊಂಡು ಮಾಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು 1995ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಜಿಲ್ಲಾ ಆಯೋಗದಲ್ಲಿ ನೀವು ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಫೀ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ವಿಚಾರಿಸಲು 1915 ಸಹಾಯವಾಣಿ ಇದೆ. ಕಣ್ಣು ನೋಡಿದವರು ಎಂಬಿಬಿಎಸ್ ಡಾಕ್ಟರಾಗಿದ್ದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್. ಸುಳ್ಳು ಡಿಗ್ರಿಯಾದರೆ ಪೊಲೀಸ್ ಠಾಣೆ. ಯಾವ ಕಿಟಕಿಗೆ ಹೋದರೂ ಅವರು ಮೊದಲು ಕೇಳುವುದು ಕಾಗದ. ಬಿಲ್ಲು, ನಂಬರಿನ ಚೀಟಿ, ಅದರ ಮೇಲೆ ಪರೀಕ್ಷೆ ಮಾಡಿದವರ ಹೆಸರು, ನೋಂದಣಿ ಸಂಖ್ಯೆ.

ಈ ಮಾತು ಕಿವಿಗೆ ಬಿದ್ದಿದ್ದೇ ಮಾವ ಎದ್ದು ಚಪ್ಪಲಿ ಹಾಕಿಕೊಂಡರು. ಮತ್ತೆ ಅದೇ ಅಂಗಡಿಗೆ ಹೋದೆವು. ಈ ಸಲ ಹುಡುಗ ಜಗಳಕ್ಕೆ ಬರಲಿಲ್ಲ. ಡ್ರಾಯರು ತಡಕಿ ಚೀಟಿ ತೆಗೆದುಕೊಟ್ಟ. ಬಲಗಣ್ಣು, ಎಡಗಣ್ಣು, ದೂರದ್ದು, ಹತ್ತಿರದ್ದು, ಎಲ್ಲ ಇತ್ತು. ಎರಡು ಪಾಪೆಗಳ ನಡುವಿನ ಅಂತರ ಬರೆದಿರಲಿಲ್ಲ. ಅದಿಲ್ಲದೆ ಬೇರೆ ಅಂಗಡಿಯವರು ಗಾಜಿನ ನಡು ಎಲ್ಲಿ ಬರಬೇಕೆಂದು ಮತ್ತೆ ಅಳೆಯಬೇಕು. ಮಾವ ಅದನ್ನೂ ಬರೆಸಿದರು. ಆಮೇಲೆ ಚೀಟಿಯ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು, ಇಲ್ಲಿ ಸಹಿ ಮಾಡಬೇಕಾದವರು ಯಾರು ಎಂದು ಕೇಳಿದರು.

ಹುಡುಗ ಗೋಡೆಯ ಮೇಲಿನ ಗುಮಾಸ್ತಾ ನೋಡಿದ, ಮಾವನ ಮುಖ ನೋಡಿದ. 'ಸ್ಟ್ಯಾಂಪ್ ಇರೋರು ಶನಿವಾರ ಬರ್ತಾರೆ, ಅಂಕಲ್' ಅಂದ.